ದೂರಶಿಕ್ಷಣದಲ್ಲಿ ಸಹಪಾಠಿ



ಹೊಸೂರು, ಬಾಗಲೂರು, ಕೆಲಮಂಗಲ, ತಳಿ, ಡೆಂಕಣಿಕೋಟೆ, ಕೃಷ್ಣಗಿರಿ – ಈ ಸುತ್ತಿನ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಹೊಸ ನೋಟ ಕಾಣುತ್ತಿದೆ. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಹುಡುಗ ಊಟ ಮಾಡಿ, ಗೋಡೆಗೊರಗಿ ಕುಳಿತು, ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಪಾಠ ಕೇಳುತ್ತಾನೆ. ಮನೆಗೆಲಸ ಮುಗಿಸಿದ ಹುಡುಗಿ ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ತಾರಸಿ ಹತ್ತುತ್ತಾಳೆ. ಕೇಳಿದರೆ, ‘ಬಿ.ಕಾಂ. ಓದುತ್ತಿದ್ದೇನೆ, ಆನ್‌ಲೈನ್’ ಎನ್ನುತ್ತಾರೆ. ಕಾಲೇಜು ಮನೆಗೇ ಬಂದಿದೆ. ಬಸ್ಸಿನ ಖರ್ಚಿಲ್ಲ, ಹಾಸ್ಟೆಲ್ಲಿನ ಚಿಂತೆಯಿಲ್ಲ, ಕೆಲಸ ಬಿಡಬೇಕಾಗಿಲ್ಲ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಮನೆಗೆ ಬಂದ ಈ ಕಾಲೇಜಿನಲ್ಲಿ ಪಾಠವಿದೆ, ಪುಸ್ತಕವಿದೆ, ಪರೀಕ್ಷೆಯಿದೆ. ಪಕ್ಕದ ಬೆಂಚಿನವರು ಮಾತ್ರ ಇಲ್ಲ. ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಪಕ್ಕದ ಬೆಂಚಿನ ವಿಷಯ. ಅಂದರೆ, ದೂರದಿಂದ ಕಲಿಯುವ ವಿದ್ಯಾರ್ಥಿಗಳಿಗೆ ಸಹಪಾಠಿಗಳ ಜೊತೆ ಏಕೆ ಬೇಕು, ಅದನ್ನು ನಾವು ಹೇಗೆ ಒದಗಿಸಬಹುದು ಎಂಬ ವಿಷಯ.

ನಾನು ಈ ತಾಲ್ಲೂಕಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದವನು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂತೆಯಲ್ಲಿ ಸಿಕ್ಕಳು. ಓದಿನಲ್ಲಿ ಚುರುಕಾದ ಹುಡುಗಿ. ಹನ್ನೆರಡನೆಯ ತರಗತಿ ಮುಗಿಸಿ ಆನ್‌ಲೈನ್ ಪದವಿಗೆ ಸೇರಿದ್ದಾಳೆಂದು ಕೇಳಿದ್ದೆ.

‘ಏನಮ್ಮ, ಓದು ಎಲ್ಲಿಗೆ ಬಂತು?’ ಎಂದೆ.

‘ಬಿಟ್ಟುಬಿಟ್ಟೆ ಸಾರ್’ ಎಂದಳು.

ದುಡ್ಡಿನ ತೊಂದರೆಯೋ ಎಂದು ಕೇಳಿದೆ. ಅಲ್ಲ, ಶುಲ್ಕ ಕಟ್ಟಿಯಾಗಿತ್ತು. ಪಾಠ ಅರ್ಥವಾಗಲಿಲ್ಲವೋ ಎಂದೆ. ಸ್ವಲ್ಪ ಕಷ್ಟವಾಯಿತು, ಆದರೂ ಓದಬಹುದಾಗಿತ್ತು ಎಂದಳು. ಕೊನೆಗೆ ನಿಜ ಸಂಗತಿ ಹೊರಬಂತು. ಎರಡನೆಯ ಸೆಮಿಸ್ಟರಿನಲ್ಲಿ ಒಂದು ಅಸೈನ್‌ಮೆಂಟ್ ಕಳುಹಿಸುವ ಕೊನೆಯ ದಿನ ತಪ್ಪಿಹೋಯಿತು. ಮುಂದೇನು ಮಾಡಬೇಕೆಂದು ಕೇಳಲು ಬರೆದ ಪತ್ರಕ್ಕೆ ಯಂತ್ರದಿಂದ ಬಂದ ಒಂದು ಸಾಲಿನ ಉತ್ತರವಷ್ಟೇ ಸಿಕ್ಕಿತು. ಅದಾದ ಮೇಲೆ ಪರೀಕ್ಷೆಯ ಅರ್ಜಿಯೂ ತಪ್ಪಿತು. ‘ನನ್ನ ಜೊತೆ ಓದುವವರು ಎಷ್ಟು ಜನ, ಎಲ್ಲಿಯವರು, ಒಂದೂ ಗೊತ್ತಿಲ್ಲ. ಯಾರನ್ನು ಕೇಳಲಿ ಸಾರ್? ನಾನು ಬಿಟ್ಟೆ ಅಂತ ಯಾರಿಗೂ ಗೊತ್ತೂ ಆಗಲಿಲ್ಲ’ ಎಂದಳು.

ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ನಮ್ಮ ಶಾಲೆಯಲ್ಲಿ ಒಂದು ಮಗು ಎರಡು ದಿನ ಬಾರದಿದ್ದರೆ ಮೂರನೆಯ ದಿನ ಹಾಜರಿ ಕರೆಯುವಾಗ ಪಕ್ಕದ ಮಗು ಎದ್ದು, ‘ಅವನಿಗೆ ಜ್ವರ ಸಾರ್’ ಎಂದು ಹೇಳುತ್ತದೆ. ಹಾಗೆ ಎದ್ದು ಹೇಳುವವರು ಯಾರೂ ಇಲ್ಲದ ಕಡೆ, ಓದು ಬಿಡುವುದು ಬಹಳ ಸುಲಭ.

ದೂರದಿಂದ ಕಲಿಯುವುದು ನಮಗೆ ಹೊಸದೇನೂ ಅಲ್ಲ. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪಾಠ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಬಂದಿತು. ಇತ್ತ ತಮಿಳುನಾಡಿನಲ್ಲಿ ಮದುರೆ ವಿಶ್ವವಿದ್ಯಾನಿಲಯ 1971ರಲ್ಲಿ ಅದೇ ದಾರಿ ಹಿಡಿಯಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, 2002ರಲ್ಲಿ ಚೆನ್ನೈಯಲ್ಲಿ ತಮಿಳುನಾಡು ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿದವು. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲ ತೆರೆಯಿತು. 2020ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ದೂರಶಿಕ್ಷಣಕ್ಕೂ ಆನ್‌ಲೈನ್ ಪದವಿಗೂ ಸೇರಿಸಿ ಹೊಸ ನಿಯಮಗಳನ್ನು ಹೊರಡಿಸಿತು.

ನಾನೂ ಈ ದಾರಿಯಲ್ಲೇ ನಡೆದು ಬಂದವನು. ಕೆಲಸದಲ್ಲಿದ್ದುಕೊಂಡೇ ಮೈಸೂರಿನಿಂದ ಅಂಚೆ ತೆರಪಿನಲ್ಲಿ ಎಂ.ಎ. ಮಾಡಿದೆ. ಪಾಠದ ಕಟ್ಟುಗಳು ಅಂಚೆಯಲ್ಲಿ ಬರುತ್ತಿದ್ದವು. ಅವುಗಳಲ್ಲಿ ಎಷ್ಟೋ ಕಟ್ಟುಗಳನ್ನು ನಾನು ಬಿಚ್ಚಿಯೂ ಇರಲಿಲ್ಲ. ಸಂಪರ್ಕ ತರಗತಿಗೆಂದು ಮೈಸೂರಿಗೆ ಹೋದಾಗ ಪರಿಸ್ಥಿತಿ ಬದಲಾಯಿತು. ಒಂದೇ ಕೊಠಡಿಯಲ್ಲಿ ಇಳಿದುಕೊಂಡವರು ನಾಲ್ಕು ಜನ: ಒಬ್ಬರು ಅಂಚೆ ಇಲಾಖೆಯವರು, ಒಬ್ಬರು ಕಂಡಕ್ಟರು, ಇನ್ನೊಬ್ಬರು ನನ್ನ ಹಾಗೆಯೇ ಮೇಷ್ಟರು. ಹಗಲು ಉಪನ್ಯಾಸ ಕೇಳಿ, ರಾತ್ರಿ ಊಟ ಮಾಡಿ ಬಂದು ಅದೇ ವಿಷಯ ಚರ್ಚೆ ಮಾಡುತ್ತಿದ್ದೆವು. ಊರಿಗೆ ಬಂದ ಮೇಲೆ ಕಾರ್ಡು ಬರೆಯುತ್ತಿದ್ದೆವು. ‘ಮೂರನೆಯ ಪತ್ರಿಕೆ ಎಲ್ಲಿಯವರೆಗೆ ಆಯಿತು?’ ಎಂದು ಕಂಡಕ್ಟರು ಬರೆದ ಕಾರ್ಡು ಬಂದ ದಿನ ನನಗೆ ನಾಚಿಕೆಯಾಗಿ ಆ ಕಟ್ಟನ್ನು ಬಿಚ್ಚಿದೆ. ನಾಲ್ವರಲ್ಲಿ ಮೂವರು ತೇರ್ಗಡೆಯಾದೆವು. ಪಾಠಗಳ ಗುಣದ ಜೊತೆಗೆ ಆ ಹದಿನೈದು ಪೈಸೆಯ ಕಾರ್ಡಿಗೂ ನಾನು ಋಣಿ.

ಈಗಿನ ಪಾಠಗಳು ಆಗಿನ ಸೈಕ್ಲೋಸ್ಟೈಲ್ ಕಟ್ಟುಗಳಿಗಿಂತ ಸಾವಿರ ಪಾಲು ಚೆನ್ನಾಗಿವೆ. ಒಳ್ಳೆಯ ಪ್ರಾಧ್ಯಾಪಕರು ಕಣ್ಣೆದುರಿಗೇ ಬಂದು ಹೇಳುತ್ತಾರೆ. ತಿಳಿಯದಿದ್ದರೆ ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳಬಹುದು. ಆದರೆ ಪಾಠ ಎಷ್ಟು ಚೆನ್ನಾಗಿದ್ದರೂ ಅದೊಂದರಿಂದಲೇ ಕಲಿಕೆ ಆಗುತ್ತದೆಯೇ?

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ನಮ್ಮ ರೇಡಿಯೋ ಕೇಳಿಕೊಂಡಿತ್ತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಕೆನಡಾ ದೇಶದಲ್ಲಿ 1941ರಿಂದ ರೈತರ ರೇಡಿಯೋ ಕೂಟಗಳು ನಡೆಯುತ್ತಿದ್ದವು. ಓದಿ, ಕೇಳಿ, ಚರ್ಚಿಸಿ, ಕಾರ್ಯಕ್ಕಿಳಿಯಿರಿ ಎಂಬುದು ಅವುಗಳ ಘೋಷಣೆ. ಅದನ್ನು ನೋಡಿ 1956ರಲ್ಲಿ ಯುನೆಸ್ಕೋ ಸಂಸ್ಥೆಯ ನೆರವಿನಿಂದ ಆಕಾಶವಾಣಿ ಪುಣೆಯ ಸುತ್ತಿನ ಐದು ಜಿಲ್ಲೆಗಳಲ್ಲಿ, ಸುಮಾರು 150 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿತು. ಪ್ರತಿ ಹಳ್ಳಿಯಲ್ಲಿಯೂ ಇಪ್ಪತ್ತರಷ್ಟು ಜನರ ಒಂದು ಕೂಟ. ವಾರಕ್ಕೆ ಎರಡು ಬಾರಿ ಎಲ್ಲರೂ ಒಟ್ಟಿಗೆ ಕುಳಿತು ಕಾರ್ಯಕ್ರಮ ಕೇಳುವುದು, ರೇಡಿಯೋ ನಿಲ್ಲಿಸಿದ ಮೇಲೆ ಕೇಳಿದ್ದನ್ನು ಚರ್ಚಿಸುವುದು, ಬಂದ ಪ್ರಶ್ನೆಗಳನ್ನು ಬರೆದು ನಿಲಯಕ್ಕೆ ಕಳುಹಿಸುವುದು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಇದರ ಫಲವನ್ನು ಅಳೆದರು. ಕೂಟವಿದ್ದ ಹಳ್ಳಿ, ರೇಡಿಯೋ ಮಾತ್ರ ಇದ್ದು ಕೂಟವಿಲ್ಲದ ಹಳ್ಳಿ, ರೇಡಿಯೋವೇ ಇಲ್ಲದ ಹಳ್ಳಿ – ಈ ಮೂರನ್ನೂ ಹೋಲಿಸಿ ನೋಡಿದರು. ಕೂಟವಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಬಹಳ ಹೆಚ್ಚಿತ್ತು. ರೇಡಿಯೋ ಮಾತ್ರ ಇದ್ದ ಹಳ್ಳಿಗಳಲ್ಲಿ ಅಷ್ಟು ಹೆಚ್ಚಿರಲಿಲ್ಲ. ಕಾರ್ಯಕ್ರಮ ಒಂದೇ, ದನಿ ಒಂದೇ. ವ್ಯತ್ಯಾಸವಾದದ್ದು ಕೇಳಿದ ಮೇಲೆ ನಡೆದ ಮಾತುಕತೆಯಿಂದ.

ನೀವೂ ಈಗ ರೇಡಿಯೋ ಕೇಳುತ್ತಿದ್ದೀರಿ. ನಾನು ಹೇಳಿದ್ದರಲ್ಲಿ ನಾಳೆಗೆ ನಿಮ್ಮ ನೆನಪಿನಲ್ಲಿ ಉಳಿಯುವುದು, ಇಂದು ಸಂಜೆ ನೀವು ಜಗಲಿಯ ಮೇಲೆ ಯಾರೊಡನೆಯಾದರೂ ಮಾತನಾಡಿದಷ್ಟೇ.

ಶಿಕ್ಷಣವನ್ನು ಕುರಿತು ಚಿಂತಿಸಿದ ವಿದ್ವಾಂಸರೂ ಇದೇ ಮಾತನ್ನು ಹೇಳಿದ್ದಾರೆ. ಅಮೆರಿಕದ ವಿನ್ಸೆಂಟ್ ಟಿಂಟೋ ಎಂಬವರು 1975ರಲ್ಲಿ, ವಿದ್ಯಾರ್ಥಿಗಳು ಕಾಲೇಜನ್ನು ನಡುವೆಯೇ ಬಿಡುವುದಕ್ಕೆ ಕಾರಣ ಹುಡುಕಿದರು. ಪಾಠದೊಡನೆ ಬೆರೆಯುವುದು ಒಂದು, ಜೊತೆಯವರೊಡನೆ ಬೆರೆಯುವುದು ಇನ್ನೊಂದು. ಈ ಎರಡೂ ಸಡಿಲವಾದಾಗ ವಿದ್ಯಾರ್ಥಿ ಕೈಬಿಟ್ಟುಹೋಗುತ್ತಾನೆ ಎಂದು ಅವರು ವಿವರಿಸಿದರು. ದೂರಶಿಕ್ಷಣವನ್ನೇ ಅಧ್ಯಯನ ಮಾಡಿದ ಮೈಕೆಲ್ ಮೂರ್ ಇನ್ನೊಂದು ಅಂಶವನ್ನು ತೋರಿಸಿಕೊಟ್ಟರು. ಇಲ್ಲಿ ತೊಡಕಾಗುವುದು ಮೈಲಿಗಳ ದೂರವಲ್ಲ, ಗುರುಶಿಷ್ಯರ ನಡುವೆ ಮಾತುಕತೆ ಕಡಿಮೆಯಾದಾಗ ಹುಟ್ಟುವ ದೂರ ಎಂಬುದು ಅವರ ಅಭಿಪ್ರಾಯ. 2000ದಲ್ಲಿ ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು, ಗಣಕಯಂತ್ರದ ಮೂಲಕ ನಡೆಯುವ ತರಗತಿಗೆ ಮೂರು ಬಗೆಯ ಇರವು ಬೇಕು ಎಂದರು. ಗುರುವಿನ ಇರವು, ವಿಚಾರದ ಇರವು, ಜೊತೆಗಾರರ ಇರವು. ಜೊತೆಯವರು ನಿಜವಾದ ಮನುಷ್ಯರು, ಅವರಿಗೆ ಹೆಸರಿದೆ, ಊರಿದೆ, ಸುಖದುಃಖವಿದೆ ಎಂದು ವಿದ್ಯಾರ್ಥಿಗೆ ಅನಿಸಬೇಕು. ಹಾಗೆ ಅನಿಸಿದಾಗಲೇ ಅವನು ತನ್ನ ಅನುಮಾನವನ್ನು ಬಾಯಿಬಿಟ್ಟು ಕೇಳುತ್ತಾನೆ.

ಇದಕ್ಕೆ ಒಂದು ಲೆಕ್ಕವನ್ನೂ ಕೊಡುತ್ತೇನೆ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿದ್ಯಾಸಂಸ್ಥೆಗಳು 2012-13ರಲ್ಲಿ ಹದಿನೇಳು ವಿಷಯಗಳ ಪಾಠಗಳನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಿಟ್ಟವು. ದಾಖಲಾತಿ 8,41,687. ಪ್ರಮಾಣಪತ್ರ ಪಡೆಯುವವರೆಗೆ ನಡೆದದ್ದು 43,196. ಅಂದರೆ ನೂರಕ್ಕೆ ಸುಮಾರು ಐದು. ಇವರಲ್ಲಿ ಸುಮ್ಮನೆ ನೋಡಿಹೋಗಲು ಬಂದವರೂ ಬಹಳ ಜನ ಇದ್ದರು. ಅವರನ್ನೆಲ್ಲ ಸೋತವರ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ಆದರೂ ಒಂದು ಮಾತು ಸ್ಪಷ್ಟ. ಜಗತ್ತಿನ ಬಹು ದೊಡ್ಡ ಪ್ರಾಧ್ಯಾಪಕರ ಪಾಠವೂ ಒಂಟಿಯಾಗಿ ಕುಳಿತವನನ್ನು ಕೊನೆಯವರೆಗೆ ಹಿಡಿದಿಡುತ್ತದೆ ಎಂಬ ಭರವಸೆಯಿಲ್ಲ.

ಹಾಗಾದರೆ ಆನ್‌ಲೈನ್ ಶಿಕ್ಷಣದಲ್ಲಿ ಜೊತೆ ಎಂಬುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಅದಕ್ಕೆ ನಮ್ಮ ರಾಜ್ಯದಲ್ಲೇ ಒಂದು ನಿದರ್ಶನವಿದೆ. ಚೆನ್ನೈಯ ಐಐಟಿ ಮದ್ರಾಸ್ 2020ರಲ್ಲಿ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿಯನ್ನು ಆರಂಭಿಸಿತು. ಪಾಠ ಆನ್‌ಲೈನಿನಲ್ಲಿ, ಪರೀಕ್ಷೆ ಮಾತ್ರ ಊರೂರಿನ ಕೇಂದ್ರಗಳಲ್ಲಿ ಮುಖಾಮುಖಿ. ಸಾವಿರಾರು ವಿದ್ಯಾರ್ಥಿಗಳು ದೇಶದ ಮೂಲೆಮೂಲೆಯಲ್ಲಿ ಹರಡಿಕೊಂಡಿದ್ದಾರೆ. ಅವರನ್ನು ಹನ್ನೆರಡು ‘ಮನೆ’ಗಳಾಗಿ ಹಂಚಿದರು. ಆ ಮನೆಗಳಿಗೆ ನಮ್ಮ ದೇಶದ ಕಾಡುಗಳ ಹೆಸರು – ಬಂಡೀಪುರ, ನೀಲಗಿರಿ, ವಯನಾಡು, ಪಿಚ್ಚಾವರಂ, ಸುಂದರಬನ, ಕಾಜಿರಂಗ ಹೀಗೆ. ಪ್ರತಿ ಮನೆಗೂ ವಿದ್ಯಾರ್ಥಿಗಳೇ ಪದಾಧಿಕಾರಿಗಳು. ಮನೆಮನೆಯ ನಡುವೆ ಆಟ, ಸ್ಪರ್ಧೆ, ಓದಿನ ಸಹಾಯ. ಚೆನ್ನೈಯ ಆವರಣದಲ್ಲಿ ಎಲ್ಲರೂ ಕೂಡುವ ಒಂದು ಉತ್ಸವವನ್ನೂ ನಡೆಸುತ್ತಾರೆ. ಬಂಡೀಪುರದ ಮನೆಗೆ ಸೇರಿದ ಬಿಹಾರದ ಹುಡುಗ ಬಂಡೀಪುರವನ್ನು ನೋಡಿರಲಾರ. ಆದರೆ ‘ನಾನು ಬಂಡೀಪುರದವನು’ ಎಂದು ಹೇಳಿಕೊಳ್ಳಲು ಅವನಿಗೊಂದು ನೆಲೆ ಸಿಕ್ಕಿತು.

ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯ ಇದನ್ನು ಮೊದಲೇ ಅರಿತಿತ್ತು. 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗಲೇ ಪಾಠ ದೂರದರ್ಶನ ಮತ್ತು ರೇಡಿಯೋಗಳಲ್ಲಿ ಬಂದರೂ, ಆಯಾ ಊರಿನಲ್ಲಿ ಒಬ್ಬ ಬೋಧಕನನ್ನು ನೇಮಿಸಿತು. ಬೇಸಿಗೆಯಲ್ಲಿ ಒಂದು ವಾರ ಒಟ್ಟಿಗೆ ಇರುವ ಶಿಬಿರಗಳನ್ನು ನಡೆಸಿತು. ಜೊತೆ ತಾನಾಗಿ ಹುಟ್ಟುವುದಿಲ್ಲ, ಪಠ್ಯಕ್ರಮದಂತೆ ಅದನ್ನೂ ಯೋಚಿಸಿ ಕಟ್ಟಬೇಕು ಎಂಬುದು ಈ ಎರಡು ನಿದರ್ಶನಗಳಿಂದ ತಿಳಿಯುತ್ತದೆ.

ಈಗ ನಮ್ಮ ಜಿಲ್ಲೆಯ ಸ್ಥಿತಿಯನ್ನು ನೋಡೋಣ. ಇಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಅದು ಭಾಷೆ.

1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ ಹೊಸೂರು ಸೀಮೆ ಮದರಾಸು ರಾಜ್ಯದಲ್ಲಿ, ಸೇಲಂ ಜಿಲ್ಲೆಯಲ್ಲಿ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾಯಿತೇ ಹೊರತು ಮನೆಯ ಮಾತು ಬದಲಾಗಲಿಲ್ಲ. ನಮ್ಮ ಹುಡುಗ ಮನೆಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ತಮಿಳು ಆಡುತ್ತಾನೆ. 2006ರ ತಮಿಳು ಕಲಿಕೆಯ ಕಾಯಿದೆಯ ನಂತರ ಶಾಲೆಯಲ್ಲಿ ತಮಿಳನ್ನೂ ಓದುತ್ತಾನೆ. ಇದರಿಂದ ನಷ್ಟವೇನಿಲ್ಲ, ಭಾಷೆ ಹೆಚ್ಚು ಬಂದಷ್ಟೂ ಒಳ್ಳೆಯದೇ. ಆದರೆ ಪದವಿಯ ಪಾಠ ಬಂದು ನಿಲ್ಲುವುದು ಇಂಗ್ಲಿಷಿನಲ್ಲಿ. ಕಾಲೇಜಿನ ಕೊಠಡಿಯಾದರೆ ಪಕ್ಕದವನನ್ನು ಮೆಲ್ಲಗೆ ಕೇಳಿ ತಿಳಿಯುತ್ತಿದ್ದ. ಆನ್‌ಲೈನಿನಲ್ಲಿ ಇನ್ನೂರು ಮುನ್ನೂರು ಜನರ ವಾಟ್ಸಾಪ್ ಬಳಗವಿರುತ್ತದೆ. ಅಲ್ಲಿ ತಪ್ಪು ಇಂಗ್ಲಿಷಿನಲ್ಲಿ ಕೇಳಿದರೆ ನಗುತ್ತಾರೇನೋ ಎಂಬ ಸಂಕೋಚ. ಕನ್ನಡದಲ್ಲಿ ಕೇಳಿದರೆ ಬೆಂಗಳೂರಿನವರು ‘ನೀವು ತಮಿಳುನಾಡಿನವರಲ್ಲವೇ’ ಎನ್ನುತ್ತಾರೆ. ಚೆನ್ನೈಯವರ ಗುಂಪಿನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ನಮ್ಮವರು ಎಲ್ಲ ಗುಂಪಿನಲ್ಲಿಯೂ ಇರುತ್ತಾರೆ, ಯಾವುದರಲ್ಲಿಯೂ ಬಾಯಿ ತೆರೆಯುವುದಿಲ್ಲ.

ಇನ್ನೊಂದು ವಿಷಯವನ್ನು ಗಡಿನಾಡಿನವರು ತಿಳಿದಿರಬೇಕು. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವೊಂದು ದೂರಶಿಕ್ಷಣದ ಅಧ್ಯಯನ ಕೇಂದ್ರವನ್ನು ತನ್ನ ರಾಜ್ಯದ ಗಡಿಯಾಚೆ ನಡೆಸುವಂತಿಲ್ಲ. ಆನ್‌ಲೈನ್ ಪದವಿಗೆ ಈ ಗಡಿಯಿಲ್ಲ. ಹೊಸೂರಿನಲ್ಲಿದ್ದುಕೊಂಡೇ ಬೇರೆ ರಾಜ್ಯದ ವಿಶ್ವವಿದ್ಯಾನಿಲಯಕ್ಕೆ ಸೇರಬಹುದು. ಬಾಗಿಲು ಅಗಲವಾಗಿ ತೆರೆದಿದೆ ಎಂಬುದು ನಿಜ. ಆದರೆ ಸಂಪರ್ಕ ತರಗತಿಗೆ ಸೇರಿಸುವ ಕೇಂದ್ರ ಹತ್ತಿರದಲ್ಲಿ ಇರುವುದಿಲ್ಲ ಎಂಬುದೂ ಅಷ್ಟೇ ನಿಜ. ಸೇರುವ ಮೊದಲು ಆ ಪದವಿಗೆ ಯುಜಿಸಿಯ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ನೋಡಿಕೊಳ್ಳಬೇಕು. 2024ರಿಂದ ಯುಜಿಸಿಯ ಜಾಲದಲ್ಲಿ ಒಂದು ಗುರುತಿನ ಸಂಖ್ಯೆಯನ್ನೂ ಮಾಡಿಸಿಕೊಳ್ಳಬೇಕಾಗಿದೆ. ಇಂಥ ಸಣ್ಣಪುಟ್ಟ ವಿಷಯಗಳನ್ನು ಒಬ್ಬನೇ ತಿಳಿದುಕೊಳ್ಳುವುದು ಕಷ್ಟ. ಐದು ಜನರಿದ್ದರೆ ಅವರಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ.

ಹಿಂದಿನ ಕಾಲದಲ್ಲಿ ಬಡ ಹುಡುಗರು ಓದಲು ಬೆಂಗಳೂರಿಗೋ ಮೈಸೂರಿಗೋ ಹೋದರೆ ವಾರಾನ್ನದ ಪದ್ಧತಿಯಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಅದರಲ್ಲಿ ಜಾತಿಯ ಕಟ್ಟು, ಹಂಗು, ಅವಮಾನ ಎಲ್ಲವೂ ಇದ್ದವು, ಅದನ್ನು ಮರೆಯುವಂತಿಲ್ಲ. ಆದರೂ ಓದುವ ಹುಡುಗನನ್ನು ನೋಡಿಕೊಳ್ಳುವುದು ಊರಿನ ಕೆಲಸ ಎಂಬ ಭಾವನೆ ಅಲ್ಲಿತ್ತು. ಇಂದಿನ ವಿದ್ಯಾರ್ಥಿಗೆ ಅನ್ನದ ಕೊರತೆ ಅಷ್ಟಿಲ್ಲ. ಅವನಿಗೆ ಬೇಕಾದದ್ದು ವಾರಕ್ಕೊಮ್ಮೆ ಕೂತು ಮಾತನಾಡುವ ಜೊತೆ. ಅದನ್ನು ಯಾವ ಭೇದವೂ ಇಲ್ಲದೆ ಕೊಡಲು ನಮ್ಮ ಊರುಗಳಿಗೆ ಈಗ ಸಾಧ್ಯವಿದೆ.

ನಾನು ಆ ಹುಡುಗಿಯ ಮಾತು ಕೇಳಿದ ಮೇಲೆ ಮಾಡಿದ ಸಣ್ಣ ಪ್ರಯತ್ನವನ್ನು ಹೇಳುತ್ತೇನೆ. ಇದರಿಂದ ನಿಮಗೆ ಉಪಯೋಗವಾಗಬಹುದು.

ಮೊದಲು, ಸುತ್ತಿನ ನಾಲ್ಕೈದು ಹಳ್ಳಿಗಳಲ್ಲಿ ಯಾರು ಯಾರು ಹೀಗೆ ಓದುತ್ತಿದ್ದಾರೆಂದು ವಿಚಾರಿಸಿದೆ. ಒಬ್ಬರೋ ಇಬ್ಬರೋ ಇರಬಹುದೆಂದುಕೊಂಡಿದ್ದೆ. ಒಂಬತ್ತು ಜನ ಸಿಕ್ಕರು. ಒಂದೇ ಬೀದಿಯಲ್ಲಿದ್ದ ಇಬ್ಬರು ಒಂದೇ ಪದವಿಗೆ ಸೇರಿದ್ದರೂ ಒಬ್ಬರ ಸಂಗತಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಒಂದೆಡೆ ಕೂಡುವುದೆಂದು ಗೊತ್ತುಮಾಡಿಕೊಂಡೆವು.

ಎಲ್ಲರ ವಿಷಯವೂ ಒಂದೇ ಆಗಿರಬೇಕಾಗಿಲ್ಲ. ಒಬ್ಬ ವಾಣಿಜ್ಯ, ಒಬ್ಬಳು ಇತಿಹಾಸ, ಮತ್ತೊಬ್ಬ ಗಣಕ ವಿಜ್ಞಾನ. ಮೊದಲ ಒಂದು ಗಂಟೆ ಯಾರೂ ಮಾತನಾಡದೆ ತಮ್ಮ ತಮ್ಮ ಪಾಠ ಓದುವುದು. ಎದುರಿಗೆ ಇನ್ನೊಬ್ಬರು ಓದುತ್ತಿರುವಾಗ ಮೊಬೈಲಿನಲ್ಲಿ ಬೇರೇನೋ ನೋಡಲು ನಾಚಿಕೆಯಾಗುತ್ತದೆ. ಆಮೇಲೆ ಚಹ. ಚಹದ ನಂತರ ಒಬ್ಬರು ತಾವು ಆ ವಾರ ಕಲಿತದ್ದನ್ನು ಹತ್ತು ನಿಮಿಷ ಕನ್ನಡದಲ್ಲಿ ಹೇಳಬೇಕು. ಪಾಠ ಇಂಗ್ಲಿಷಿನದಾದರೂ ವಿವರಣೆ ಕನ್ನಡದಲ್ಲಿ. ‘ಸವಕಳಿ’ ಎಂದರೇನು ಎಂದು ವಾಣಿಜ್ಯದ ಹುಡುಗ ತನ್ನ ತಂದೆಯ ಟ್ರ್ಯಾಕ್ಟರಿನ ಲೆಕ್ಕ ಹೇಳಿ ವಿವರಿಸಿದಾಗ ಇತಿಹಾಸದ ಹುಡುಗಿಗೂ ಅರ್ಥವಾಯಿತು. ಮುಖ್ಯವಾಗಿ, ಆ ಹುಡುಗನಿಗೇ ಚೆನ್ನಾಗಿ ಅರ್ಥವಾಯಿತು. ಇನ್ನೊಬ್ಬರಿಗೆ ಹೇಳಿದಾಗಲೇ ವಿದ್ಯೆ ಗಟ್ಟಿಯಾಗುವುದು ಎಂಬುದನ್ನು ನಮ್ಮ ಹಿರಿಯರು ಬಲ್ಲರು.

ಗೋಡೆಯ ಮೇಲೆ ಒಂದು ದೊಡ್ಡ ಕ್ಯಾಲೆಂಡರು. ಪ್ರತಿಯೊಬ್ಬರ ಅಸೈನ್‌ಮೆಂಟಿನ ಕೊನೆಯ ದಿನ, ಶುಲ್ಕದ ದಿನ, ಪರೀಕ್ಷೆಯ ಅರ್ಜಿಯ ದಿನ ಅದರಲ್ಲಿ ಬರೆದಿರುತ್ತದೆ. ಒಬ್ಬರ ತಾರೀಖನ್ನು ಒಂಬತ್ತು ಜನ ನೋಡುತ್ತಾರೆ. ಎರಡು ವಾರ ಬಾರದವರ ಮನೆಗೆ ಒಬ್ಬರು ಹೋಗಿ ಬರಬೇಕು, ಇಲ್ಲವೇ ಫೋನು ಮಾಡಬೇಕು. ‘ಯಾಕೆ ಬರಲಿಲ್ಲ’ ಎಂದು ಗದರಿಸುವುದಕ್ಕಲ್ಲ; ಬಾರದಿದ್ದುದು ನಮಗೆ ತಿಳಿಯಿತು ಎಂದು ಹೇಳುವುದಕ್ಕೆ.

ಒಂದು ಎಚ್ಚರಿಕೆಯೂ ಬೇಕು. ಜೊತೆ ಎಂದರೆ ಒಬ್ಬ ಬರೆದದ್ದನ್ನು ಎಂಟು ಜನ ನಕಲು ಮಾಡುವುದಲ್ಲ. ಒಟ್ಟಿಗೆ ಚರ್ಚಿಸಬೇಕು, ಬರೆಯುವಾಗ ಬೇರೆ ಬೇರೆ ಬರೆಯಬೇಕು. ಮೊದಲ ತಿಂಗಳು ನಮ್ಮಲ್ಲೂ ಈ ತಪ್ಪು ನಡೆಯಿತು. ಇಬ್ಬರ ಉತ್ತರ ಅಕ್ಷರಕ್ಷರ ಒಂದೇ ಆಗಿ ಅಂಕ ಹೋಯಿತು. ಆಮೇಲೆ ಬುದ್ಧಿ ಬಂತು.

ಹೆಣ್ಣುಮಕ್ಕಳ ವಿಷಯದಲ್ಲಿ ಜಾಗ ಮತ್ತು ಹೊತ್ತು ಮನೆಯವರಿಗೆ ಒಪ್ಪುವಂತಿರಬೇಕು. ನಮ್ಮಲ್ಲಿ ಒಬ್ಬ ತಾಯಿ ಹೊಲಿಗೆ ಹಿಡಿದುಕೊಂಡು ಬಂದು ಕೂರುತ್ತಾರೆ. ಈಗ ಅವರೂ ಪಾಠ ಕೇಳುತ್ತಾರೆ. ಹೆಣ್ಣುಮಕ್ಕಳ ಫೋನ್ ಸಂಖ್ಯೆಯನ್ನು ಅವರನ್ನು ಕೇಳದೆ ಯಾವ ಗುಂಪಿಗೂ ಹಾಕಬಾರದು.

ಕೆಲವರು ಹೇಳಬಹುದು: ‘ಯಾರ ಹಂಗೂ ಇಲ್ಲದೆ, ಬಿಡುವಾದಾಗ ಓದಬಹುದೆಂದೇ ಆನ್‌ಲೈನ್ ಸೇರಿದ್ದು. ಮತ್ತೆ ಭಾನುವಾರ ಹಾಜರಿ ಎಂದರೆ ಹೇಗೆ?’ ಈ ಮಾತಿನಲ್ಲಿ ಸತ್ಯವಿದೆ. ಹೊಸೂರಿನ ಕಾರ್ಖಾನೆಗಳಲ್ಲಿ ಪಾಳಿ ವಾರವಾರಕ್ಕೂ ಬದಲಾಗುತ್ತದೆ. ಮಗುವಿನ ತಾಯಿಗೆ ಭಾನುವಾರವೂ ಬಿಡುವಿಲ್ಲ. ಅಂಥವರಿಗೆ ಕೂಟದ ಬದಲು ಜೋಡಿ ಸಾಕು. ಒಬ್ಬರಿಗೆ ಇನ್ನೊಬ್ಬರು. ವಾರಕ್ಕೆ ಎರಡು ಬಾರಿ ಹತ್ತು ನಿಮಿಷ ಫೋನು. ನಮ್ಮ ಗುಂಪಿನ ಒಬ್ಬ ಹುಡುಗ ರಾತ್ರಿ ಪಾಳಿಯವನು; ಭಾನುವಾರ ಬರಲಾಗುವುದಿಲ್ಲ. ಅವನ ಜೋಡಿಗಾರ ಅಂದಿನ ಮಾತುಕತೆಯನ್ನು ಮೊಬೈಲಿನಲ್ಲಿ ದನಿಯಾಗಿ ಕಳುಹಿಸುತ್ತಾನೆ. ಅವನು ಬಸ್ಸಿನಲ್ಲಿ ಕೇಳಿಕೊಂಡು ಹೋಗುತ್ತಾನೆ. ಎಲ್ಲರನ್ನೂ ಉಳಿಸಿಕೊಂಡೆವು ಎಂದು ನಾನು ಹೇಳಲಾರೆ. ಒಂಬತ್ತರಲ್ಲಿ ಇಬ್ಬರು ಬಿಟ್ಟರು. ಒಬ್ಬಳಿಗೆ ಮದುವೆಯಾಯಿತು, ಒಬ್ಬನಿಗೆ ಓದಿನಲ್ಲಿ ಮನಸ್ಸೇ ಇರಲಿಲ್ಲ. ಆದರೆ ಅವರು ಬಿಟ್ಟದ್ದು ನಮಗೆ ತಿಳಿದಿತ್ತು, ಅವರೊಡನೆ ಕೂತು ಮಾತನಾಡಿದ್ದೆವು.

ವಿಶ್ವವಿದ್ಯಾನಿಲಯಗಳಿಗೂ ಒಂದೆರಡು ಮಾತು. ಸಾವಿರ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ಅವರನ್ನು ಹತ್ತು ಹದಿನೈದು ಜನರ ಸಣ್ಣ ಗುಂಪುಗಳಾಗಿ ಮಾಡಿರಿ. ಒಪ್ಪಿಗೆ ಕೊಟ್ಟವರಿಗೆ ತಮ್ಮ ತಾಲ್ಲೂಕಿನಲ್ಲಿ ಯಾರು ಓದುತ್ತಿದ್ದಾರೆಂದು ತಿಳಿಸಿರಿ. ಪ್ರಶ್ನೆಗೆ ಇಷ್ಟು ದಿನದೊಳಗೆ ಒಬ್ಬ ಮನುಷ್ಯನೇ ಉತ್ತರ ಕೊಡುತ್ತಾನೆಂಬ ಭರವಸೆ ಇರಲಿ. ಮೊದಲ ಅಸೈನ್‌ಮೆಂಟ್ ಕಳುಹಿಸದವರಿಗೆ ಒಂದು ಫೋನು ಹೋಗಲಿ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ.

ಆದರೆ ಅವರು ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮ ಊರಿನ ಶಾಲೆಯ ಕೊಠಡಿ ಭಾನುವಾರ ಖಾಲಿಯಿರುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಿದರೆ ಇಲ್ಲವೆನ್ನಲಾರರು. ಶಾಖಾ ಗ್ರಂಥಾಲಯವಿದೆ, ದೇವಸ್ಥಾನದ ಮಂಟಪವಿದೆ, ಸಂಘದ ಕಟ್ಟಡವಿದೆ. ಅಲ್ಲಿ ತಮಿಳು, ತೆಲುಗು ಮನೆಯ ಮಕ್ಕಳೂ ಬರಲಿ. ನಮ್ಮ ಕೂಟದಲ್ಲಿ ಇಬ್ಬರು ತೆಲುಗಿನವರು, ಒಬ್ಬ ತಮಿಳಿನವನು ಇದ್ದಾರೆ. ವಿವರಣೆ ಯಾರಿಗೆ ಯಾವ ಭಾಷೆಯಲ್ಲಿ ಅರ್ಥವಾಗುವುದೋ ಆ ಭಾಷೆಯಲ್ಲಿ ನಡೆಯುತ್ತದೆ. ಹೊಸೂರು ಸೀಮೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಸಂತೆಯಲ್ಲಿ ಸಿಕ್ಕ ಆ ಹುಡುಗಿಯ ಸಂಗತಿ ಏನಾಯಿತೆಂದು ನೀವು ಕೇಳಬಹುದು. ಮರು ವರ್ಷ ಮತ್ತೆ ಸೇರಿದಳು. ಹಿಂದೆ ಬಿಟ್ಟ ಪತ್ರಿಕೆಗಳನ್ನು ಒಂದೊಂದಾಗಿ ಕಟ್ಟಿದಳು. ಇನ್ನೂ ಎರಡು ಪತ್ರಿಕೆ ಬಾಕಿಯಿವೆ. ಕ್ಯಾಲೆಂಡರಿನಲ್ಲಿ ತಾರೀಖು ಬರೆಯುವ ಕೆಲಸ ಈಗ ಅವಳದೇ. ಕಳೆದ ಭಾನುವಾರ ಹೊಸದಾಗಿ ಸೇರಿದ ಹುಡುಗನೊಬ್ಬ ಕೊನೆಯ ದಿನ ತಪ್ಪಿಸಿಕೊಳ್ಳುವುದರಲ್ಲಿದ್ದ. ಅವಳು ಅವನ ಮನೆಯವರೆಗೆ ಹೋಗಿ, ಅಲ್ಲೇ ಕೂತು ಬರೆಯಿಸಿ ಬಂದಳಂತೆ.

ಬಾಂಧವರೇ, ನಿಮ್ಮ ಬೀದಿಯಲ್ಲಿ ಮೊಬೈಲು ಹಿಡಿದು ಓದುವ ಹುಡುಗನೋ ಹುಡುಗಿಯೋ ಇದ್ದಾರೆ. ನಾಳೆ ಕಂಡಾಗ, ‘ಏನಪ್ಪಾ, ಏನಮ್ಮಾ, ಯಾವ ಪಾಠದವರೆಗೆ ಬಂತು?’ ಎಂದು ಒಂದು ಮಾತು ಕೇಳಿ. ಅಂಥವರು ಇಬ್ಬರಿದ್ದರೆ ಒಬ್ಬರ ಮನೆ ಇನ್ನೊಬ್ಬರಿಗೆ ತೋರಿಸಿಕೊಡಿ. ಉಳಿದುದನ್ನು ಅವರೇ ಮಾಡಿಕೊಳ್ಳುತ್ತಾರೆ.